ಗಿಡುಗ ಬಾರದ ದಿನದ ಲೆಕ್ಕ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸುಪೀರಿಯರ್ ಸರೋವರದ ಪಶ್ಚಿಮ ತುದಿಗೆ ಡುಲೂತ್ ಎಂಬ ಬಂದರು ಪಟ್ಟಣವಿದೆ. ಊರಿನ ಬೆನ್ನಿಗೆ ಹಾಕ್ ರಿಡ್ಜ್ ಎಂಬ ಗುಡ್ಡಸಾಲು. 2003ರ ಸೆಪ್ಟೆಂಬರ್ 15ರಂದು, ಒಂದೇ ಹಗಲಿನಲ್ಲಿ, ಆ ಗುಡ್ಡದ ಮೇಲೆ 1,02,321 ಬೇಟೆಹಕ್ಕಿಗಳು ಹಾದುಹೋದವು. ಹಾದುಹೋದವು ಎನ್ನುವುದಕ್ಕಿಂತ ಎಣಿಕೆಗೆ ಸಿಕ್ಕವು ಎಂದರೆ ಸರಿ. ಈ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ಎನ್ನುವುದೇ ಇಲ್ಲಿನ ವಿಷಯ. ಆ ದಿನದ ಲೆಕ್ಕದಲ್ಲಿ 1,01,698 ಹಕ್ಕಿಗಳು ಒಂದೇ ಜಾತಿಯವು: ಬ್ರಾಡ್‌ವಿಂಗ್ಡ್ ಹಾಕ್, ಅಂದರೆ ಹೆಚ್ಚುಕಡಿಮೆ ಕಾಗೆ ಗಾತ್ರದ, ಬಾಲದಲ್ಲಿ ಕಪ್ಪು ಬಿಳುಪು ಪಟ್ಟಿಯಿರುವ ಅಗಲರೆಕ್ಕೆಯ ಗಿಡುಗ. ಉಳಿದ ಜಾತಿಗಳೆಲ್ಲ ಸೇರಿ 623. ಹಕ್ಕಿಪ್ರಿಯರು ಇಂದಿಗೂ ಆ ದಿನವನ್ನು ತಿರುಪತಿ ಬ್ರಹ್ಮೋತ್ಸವವನ್ನು ನೆನೆದಂತೆ ನೆನೆಯುತ್ತಾರೆ. ಆದರೆ ಐವತ್ತು ವರ್ಷಗಳಿಂದ ನಡೆದುಬಂದ ಆ ಎಣಿಕೆಯ ಬೆಲೆ ಇರುವುದು ಇಂಥ ದಿನಗಳಲ್ಲಿ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ಕತ್ತು ನೋಯುವಷ್ಟು ಆಕಾಶ ನೋಡಿ, ಕೊನೆಗೆ ಒಂದಂಕಿಯನ್ನೋ ಸೊನ್ನೆಯನ್ನೋ ಬರೆದು ಮನೆಗೆ ಹೋದ ದಿನಗಳಲ್ಲಿ ಇದೆ.

ಮೊದಲಿಗೆ, ಅಷ್ಟೊಂದು ಹಕ್ಕಿಗಳು ಆ ಊರಿನ ಮೇಲೇ ಏಕೆ ಬರುತ್ತವೆ? ಸುಪೀರಿಯರ್ ಸರೋವರದ ಹರವು ಸುಮಾರು 82,000 ಚದರ ಕಿಲೋಮೀಟರ್, ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಹರವಿನ ಲೆಕ್ಕದಲ್ಲಿ ಜಗತ್ತಿನಲ್ಲೇ ದೊಡ್ಡ ಸಿಹಿನೀರಿನ ಸರೋವರ ಅದು, ಬೇಸಿಗೆಯಲ್ಲೂ ತಣ್ಣಗೆ ಕೊರೆಯುವ ನೀರು. ಕೆನಡಾದ ಕಾಡುಗಳಲ್ಲಿ ಮರಿ ಮಾಡಿದ ಗಿಡುಗಗಳು ಚಳಿಗೆ ಮುನ್ನ ದಕ್ಷಿಣಕ್ಕೆ ಹೊರಡುತ್ತವೆ. ಅಗಲ ರೆಕ್ಕೆಯ ಹಕ್ಕಿ ರೆಕ್ಕೆ ಬಡಿದು ದೂರ ಸಾಗುವುದಿಲ್ಲ, ಅಷ್ಟು ಖರ್ಚು ಅದಕ್ಕೆ ಕಟ್ಟುವುದೂ ಇಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬವನ್ನು ಹಿಡಿದು, ಸುತ್ತುತ್ತಾ ಸುತ್ತುತ್ತಾ ಏರಿ, ತುದಿಯಿಂದ ರೆಕ್ಕೆ ಚಾಚಿ ಮುಂದಿನ ಕಂಬದವರೆಗೆ ಜಾರುತ್ತದೆ. ಅದರ ಪ್ರಯಾಣವೆಲ್ಲ ಹೀಗೆ ಏರುವುದು, ಜಾರುವುದು. ಸೆಪ್ಟೆಂಬರಿನ ಹಗಲಲ್ಲಿ ನೆಲ ಕಾಯುತ್ತದೆ, ಸರೋವರ ಕಾಯುವುದಿಲ್ಲ. ನೀರಿನ ಮೇಲೆ ಬಿಸಿಗಾಳಿಯ ಮೆಟ್ಟಿಲೇ ಇಲ್ಲ. ಹಾಗಾಗಿ ದಕ್ಷಿಣಕ್ಕೆ ಬಂದ ಹಕ್ಕಿಗಳು ದಡ ಕಂಡೊಡನೆ ನೈಋತ್ಯಕ್ಕೆ ತಿರುಗಿ, ದಂಡೆಯನ್ನೇ ಹಿಡಿದು, ಸರೋವರ ಮುಗಿಯುವ ಡುಲೂತ್‌ವರೆಗೆ ಬರಲೇಬೇಕು. ವಾಯುವ್ಯದ ಗಾಳಿ ಬೀಸಿದರೆ ಒಳನಾಡಿನಲ್ಲಿ ಹರಡಿಕೊಂಡು ಹೋಗಬೇಕಾದವೂ ದಡದತ್ತ ತಳ್ಳಲ್ಪಡುತ್ತವೆ. ನೂರಾರು ಕಿಲೋಮೀಟರ್ ಅಗಲದ ಹರಿವು ಆಲಿಕೆಯ ಮೂತಿಯಲ್ಲಿ ಇಳಿದಂತೆ ಗುಡ್ಡದ ಮೇಲೆ ಕೂಡುತ್ತದೆ. ಅಂದರೆ 2003ರ ಆ ದಿನ ಹೇಳಿದ್ದು ಹಕ್ಕಿಯ ಬಗ್ಗೆ ಎಷ್ಟೋ, ಗಾಳಿ ಮತ್ತು ನೀರಿನ ಬಗ್ಗೆಯೂ ಅಷ್ಟೇ. ಹಿಂದಿನ ವರ್ಷಕ್ಕಿಂತ ಆ ವರ್ಷ ಗಿಡುಗಗಳ ಸಂಖ್ಯೆ ಏಕಾಏಕಿ ಏರಿತೆಂದು ತಿಳಿದವರು ಯಾರೂ ಅದನ್ನು ಓದಲಿಲ್ಲ.

ಎಣಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅನುಮಾನಗಳೆಲ್ಲ ಹುಟ್ಟುವುದು ಅಲ್ಲೇ. ಹಾಕ್ ರಿಡ್ಜ್‌ನಲ್ಲಿ 1972ರಿಂದ ಕ್ರಮಬದ್ಧ ಎಣಿಕೆ ನಡೆಯುತ್ತಿದೆ. ಆಗಸ್ಟ್ 15ರಿಂದ ನವೆಂಬರ್ 30, ಒಟ್ಟು 108 ದಿನ. ಬಿಸಿಗಾಳಿಯ ಕಂಬದೊಳಗೆ ನೂರಾರು ಗಿಡುಗಗಳು ಸುಂಟರಗಾಳಿಯಲ್ಲಿ ಸಿಕ್ಕ ತರಗೆಲೆಗಳಂತೆ ತಿರುಗುತ್ತಿರುತ್ತವೆ. ಕುದಿಯುವ ಪಾತ್ರೆಯ ನೆನಪಾಗಿ ಇಂಗ್ಲಿಷ್ ಹಕ್ಕಿಪ್ರಿಯರು ಅದನ್ನು ಕೆಟಲ್ ಎನ್ನುತ್ತಾರೆ. ಹಾಗೆ ಸುತ್ತುವಾಗ ಎಣಿಸಲು ಹೋದವನು ಕೆಟ್ಟ. ಅನುಭವಿ ಎಣಿಕೆದಾರ ಸುಮ್ಮನೆ ಕಾಯುತ್ತಾನೆ. ಕಂಬದ ತುದಿ ಮುಟ್ಟಿದ ಹಕ್ಕಿಗಳು ಒಂದರ ಹಿಂದೊಂದು, ದಾರಕ್ಕೆ ಪೋಣಿಸಿದಂತೆ, ದಕ್ಷಿಣಕ್ಕೆ ಜಾರತೊಡಗುತ್ತವೆ. ಆಗ ದೂರದರ್ಶಕದಲ್ಲಿ ಒಂದು ಕಲ್ಪನೆಯ ಗೆರೆ ಎಳೆದುಕೊಂಡು, ಗೆರೆ ದಾಟಿದ್ದನ್ನು ಮಾತ್ರ ಎಣಿಸುವುದು. ಹೆಬ್ಬೆರಳಿನ ಕೆಳಗೆ ಟ್ಯಾಲಿ ಕೌಂಟರ್ ಟಿಕ್ ಟಿಕ್ ಎನ್ನುತ್ತದೆ, ನೆರೆ ಬಂದ ದಿನ ಒಂದು ಟಿಕ್ಕಿಗೆ ಹತ್ತು ಹಕ್ಕಿ. ತಿಳಿನೀಲಿ ಆಕಾಶವಿದ್ದರೆ ಊರೆಲ್ಲ ಖುಷಿ, ಎಣಿಕೆದಾರನಿಗೆ ಮಾತ್ರ ಸಂಕಟ: ಎತ್ತರದ ಚುಕ್ಕೆಗಳು ನೀಲಿಯಲ್ಲಿ ಕರಗಿಹೋಗುತ್ತವೆ. ಬಿಳಿ ಮೋಡದ ಹಿನ್ನೆಲೆಯಿದ್ದರೆ ಅದೇ ಚುಕ್ಕೆ ಎದ್ದು ಕಾಣುತ್ತದೆ. ಗಂಟೆಗಂಟೆಗೆ ಗಾಳಿಯ ದಿಕ್ಕು, ಮೋಡ, ಉಷ್ಣತೆಗಳನ್ನೂ ಬರೆದಿಡುವುದು ಇದಕ್ಕೇ.

ಹಾಗಾದರೆ ಮೊದಲ ಆಕ್ಷೇಪ ತಾನಾಗಿಯೇ ಬರುತ್ತದೆ. ಎತ್ತರಕ್ಕೆ ಹಾರಿದ್ದು ಕಾಣಲಿಲ್ಲ, ಒಳನಾಡಿನಲ್ಲಿ ಹೋದದ್ದು ಬರಲಿಲ್ಲ, ಗಾಳಿ ತಿರುಗಿದರೆ ಲೆಕ್ಕವೇ ತಲೆಕೆಳಗು. ಇಂಥ ಸಂಖ್ಯೆಯಿಂದ ಕಾಡಿನಲ್ಲಿ ಎಷ್ಟು ಗಿಡುಗಗಳಿವೆ ಎಂದು ಹೇಳಲಾದೀತೇ? ಆಗದು. ಆಗುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಆದರೆ ಪ್ರಶ್ನೆಯೇ ತಪ್ಪು ಜಾಗದಲ್ಲಿ ನಿಂತಿದೆ. ನಮ್ಮ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಡೈರಿಯಲ್ಲಿ ಬರೆದಿಡುವ ಪದ್ಧತಿ ಇದೆಯಲ್ಲ, ಅದನ್ನು ನೆನೆಯಿರಿ. ಒಂದು ಗೇಣು ಬಾಯಿಯ ಆ ಡಬ್ಬಿಗೆ ತೋಟದ ಮೇಲೆ ಬಿದ್ದ ಮಳೆಯ ಎಷ್ಟನೇ ಪಾಲು ಬಿದ್ದೀತು? ಲೆಕ್ಕಕ್ಕೇ ಬಾರದಷ್ಟು. ಆದರೂ ಮೂರು ತಲೆಮಾರಿನ ಡೈರಿ ತೆರೆದರೆ ಮುಂಗಾರು ಹಿಂದೆ ಸರಿದದ್ದು, ಏಪ್ರಿಲ್ ಮಳೆ ಕೈಕೊಟ್ಟದ್ದು ಕಾಣುತ್ತದೆ. ಡಬ್ಬಿ ಅದೇ, ಇಟ್ಟ ಜಾಗ ಅದೇ, ನೋಡುವ ಹೊತ್ತು ಅದೇ. ಮುಖ್ಯವಾಗಿ, ಮಳೆ ಬಾರದ ದಿನವೂ ಡೈರಿಯಲ್ಲಿ ಸಾಲು ಇದೆ. ಮಳೆ ಬಂದ ದಿನ ಮಾತ್ರ ಬರೆಯುವವನ ಡೈರಿಯಲ್ಲಿ ಬರಗಾಲ ಎಂಬುದೇ ಇರುವುದಿಲ್ಲ. ಗುಡ್ಡದ ಮೇಲಿನ ಎಣಿಕೆ ಕೂಡ ಅಂಥದೇ ಡಬ್ಬಿ. ಅದು ಅಳೆಯುವುದು ಒಟ್ಟು ಸಂಖ್ಯೆಯನ್ನಲ್ಲ, ಬದಲಾವಣೆಯನ್ನು. ಬದಲಾವಣೆ ಅಳೆಯಲು ಬೇಕಾದದ್ದು ಎಲ್ಲ ಹಕ್ಕಿಯೂ ಕಾಣುವುದಲ್ಲ, ಪ್ರತಿವರ್ಷ ಒಂದೇ ಬಗೆಯಲ್ಲಿ ತಪ್ಪುವುದು.

ಗೋಸ್‌ಹಾಕ್ ಎಂಬ ದೊಡ್ಡ ಕಾಡುಗಿಡುಗದ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ. 1982ರಲ್ಲಿ ಹಾಕ್ ರಿಡ್ಜ್‌ನಲ್ಲಿ ಒಂದೇ ಋತುವಿಗೆ 5,819 ಗೋಸ್‌ಹಾಕ್‌ಗಳು ಎಣಿಕೆಗೆ ಸಿಕ್ಕವು. ಮುಂದಿನ ನಾಲ್ಕೈದು ವರ್ಷಗಳ ಅಂಕಿ ಮಾತ್ರ ನೋಡಿದವರು ಈ ಹಕ್ಕಿ ನಿರ್ನಾಮದ ದಾರಿಯಲ್ಲಿದೆ ಎಂದೇ ತೀರ್ಮಾನಿಸಬಹುದಿತ್ತು. ಉತ್ತರದ ಕಾಡಿನಲ್ಲಿ ಸ್ನೋಶೂ ಮೊಲ ಮತ್ತು ಗ್ರೌಸ್ ಕೋಳಿಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಉಬ್ಬಿ ಕುಸಿಯುತ್ತದೆ. ಕುಸಿದಾಗ ಊಟ ಸಾಲದ ಗೋಸ್‌ಹಾಕ್‌ಗಳು ಗುಂಪುಗುಂಪಾಗಿ ದಕ್ಷಿಣಕ್ಕೆ ಇಳಿಯುತ್ತವೆ. ಎಪ್ಪತ್ತರ ದಶಕದ ಆರಂಭದಲ್ಲಿ, ಎಂಬತ್ತರ ಆರಂಭದಲ್ಲಿ, ತೊಂಬತ್ತರ ಆರಂಭದಲ್ಲಿ ಹೀಗೆ ಅಲೆ ಎದ್ದಿದೆ. ಎಣಿಕೆಯಲ್ಲಿ ಗೋಸ್‌ಹಾಕ್ ಹೆಚ್ಚಾಯಿತೆಂದರೆ ಕಾಡಿನಲ್ಲಿ ಅದಕ್ಕೆ ಕೆಟ್ಟಕಾಲ ಬಂದಿದೆ ಎಂದರ್ಥ! ಸಂಖ್ಯೆಯನ್ನು ನೇರವಾಗಿ ಓದುವವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ. ಈ ಲಯ ಗೊತ್ತಾಗಲು ಮೂರು ಅಲೆ ಬೇಕಾಯಿತು, ಅಂದರೆ ಒಬ್ಬ ಸಂಶೋಧಕನ ವೃತ್ತಿಜೀವನದಷ್ಟು ಕಾಲ. 1982ರ ಎತ್ತರ ಮತ್ತೆ ಬಂದಿಲ್ಲ. ಅದು ಹಕ್ಕಿ ಕಡಿಮೆಯಾದ ಸೂಚನೆಯೋ, ಮೊಲದ ಲಯವೇ ಬದಲಾದದ್ದೋ ಎಂಬ ಪ್ರಶ್ನೆಯನ್ನು ಈಗ ಕೇಳಲು ಸಾಧ್ಯವಾಗಿರುವುದೂ ಸಾಲು ತಪ್ಪದೆ ಬರೆದಿಟ್ಟದ್ದರಿಂದ. ಮೂರು ವರ್ಷಕ್ಕೆ ಅನುದಾನ, ಮೂರನೇ ವರ್ಷಕ್ಕೆ ವರದಿ ಎಂಬ ನಮ್ಮ ಕಾಲದ ಅಭ್ಯಾಸಕ್ಕೆ ಈ ಹಕ್ಕಿ ಒಗ್ಗುವುದೇ ಇಲ್ಲ.

ಒಟ್ಟು ಸಂಖ್ಯೆಗಿಂತ ಅದರ ಒಳಗಿನ ಅನುಪಾತ ಹೆಚ್ಚು ಮಾತಾಡುತ್ತದೆ. ಇದರ ಪ್ರಸಿದ್ಧ ನಿದರ್ಶನ ಸರೋವರದ ದಂಡೆಯದಲ್ಲ, ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಎಂಬ ಬೆಟ್ಟದ್ದು. ಗೋಸ್‌ಹಾಕ್ ಕೊಂದು ತಂದವರಿಗೆ ಆ ರಾಜ್ಯ 1929ರಿಂದ ಐದು ಡಾಲರ್ ಬಹುಮಾನ ಕೊಡುತ್ತಿತ್ತು. ಬಹುಮಾನವಿಲ್ಲದ ಗಿಡುಗಗಳನ್ನೂ ಜನ ರಜಾದಿನದ ಮೋಜಿಗೆ ಹೊಡೆದು ಕೆಡವುತ್ತಿದ್ದರು. 1932ರಲ್ಲಿ ರಿಚರ್ಡ್ ಪೌ ಅಲ್ಲಿ ಸತ್ತ ಗಿಡುಗಗಳನ್ನು ಸಾಲಾಗಿ ಮಲಗಿಸಿ ಫೋಟೊ ತೆಗೆದರು. ಅದನ್ನು ಕಂಡ ರೋಸಲಿ ಎಡ್ಜ್ ಎಂಬ ಗಟ್ಟಿಗಿತ್ತಿ 1934ರಲ್ಲಿ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು, ಕಾವಲಿಗೆ ಮಾರಿಸ್ ಬ್ರೌನ್ ಎಂಬವರನ್ನು ಇಟ್ಟರು. ಕೋವಿ ಹಿಡಿದು ಬರುವವರನ್ನು ತಡೆಯುವುದು ಬ್ರೌನ್‌ರ ಮುಖ್ಯ ಕೆಲಸ. ಅದರ ಜೊತೆಗೆ ದಿನವೂ ಹಕ್ಕಿ ಎಣಿಸಿ ಬರೆದಿಟ್ಟರು. ಆ ಲೆಕ್ಕ ಮುಂದೆ ಲೇಖಕಿ ರೇಚೆಲ್ ಕಾರ್ಸನ್‌ರ ಕೈ ಸೇರಿತು. 1935ರಿಂದ 39ರವರೆಗೆ ಅಲ್ಲಿ ಹಾದ ಬಿಳಿತಲೆ ಗರುಡಗಳಲ್ಲಿ ನೂರಕ್ಕೆ ನಲವತ್ತು ಎಳೆಯವು. 1955ರಿಂದ 59ರ ನಡುವೆ ಇಪ್ಪತ್ತು. 1957ರಲ್ಲಂತೂ 32 ದೊಡ್ಡ ಗರುಡಗಳಿಗೆ ಒಂದೇ ಒಂದು ಎಳೆಯದು. ಕಾರ್ಸನ್‌ 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ಅಂಕಿಗಳನ್ನು ಬಳಸಿದರು.

ಇದು ಏಕೆ ಅಷ್ಟು ಬಲವಾದ ಸಾಕ್ಷಿ ಎಂಬುದನ್ನು ಬಿಡಿಸಿ ನೋಡಬೇಕು. ಡಿಡಿಟಿ ಎಂಬ ಕೀಟನಾಶಕದ ಶೇಷ ಗರುಡವನ್ನು ನೇರವಾಗಿ ಕೊಲ್ಲುವುದಕ್ಕಿಂತ ಅದರ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತಿತ್ತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಗರುಡ ಇಪ್ಪತ್ತು ವರ್ಷಕ್ಕೂ ಮೇಲೆ ಬದುಕುವ ಹಕ್ಕಿ. ಮರಿಗಳೇ ಇಲ್ಲದಿದ್ದರೂ ಮುದುಕರು ವರ್ಷವರ್ಷವೂ ಹಾರಿ ಬರುತ್ತಲೇ ಇರುತ್ತಾರೆ, ಒಟ್ಟು ಸಂಖ್ಯೆ ಬಹುಕಾಲ ಗಟ್ಟಿಯಾಗಿಯೇ ಕಾಣುತ್ತದೆ. ಶಾಲೆಯ ಒಂದನೇ ತರಗತಿಗೆ ಮಕ್ಕಳೇ ಸೇರದಿದ್ದರೂ ಊರಿನ ಮತದಾರರ ಪಟ್ಟಿ ಹಾಗೇ ಇರುವಂತೆ. ಅದೃಷ್ಟಕ್ಕೆ ಈ ಗರುಡದ ತಲೆ, ಬಾಲ ಪೂರ್ತಿ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ಹಾಗಾಗಿ ದೂರದಿಂದಲೇ ಎಳೆಯದು ಯಾವುದು, ಬೆಳೆದದ್ದು ಯಾವುದು ಎಂದು ವಿಂಗಡಿಸಬಹುದು. ಗಾಳಿ ಕೈಕೊಟ್ಟು ಒಂದು ವರ್ಷ ಅರ್ಧದಷ್ಟೇ ಗರುಡ ಬಂದವು ಎನ್ನಿ, ಆ ಅರ್ಧದಲ್ಲೂ ಎಳೆಯವುಗಳ ಪಾಲು ಎಷ್ಟು ಎಂಬುದು ಉಳಿಯುತ್ತದೆ. ಗಾಳಿಯ ಆಕ್ಷೇಪಕ್ಕೆ ಇದು ಅರ್ಧ ಉತ್ತರ. ಪೂರ್ತಿ ಉತ್ತರವಲ್ಲ. ಎಳೆಯ ಹಕ್ಕಿಗಳು ಗಾಳಿಗೆ ಬೇಗ ಸಿಕ್ಕಿಕೊಂಡು ಕರಾವಳಿಯತ್ತ ತೇಲುವುದುಂಟು, ಆದ್ದರಿಂದ ಒಂದು ಜಾಗದ ಅನುಪಾತವನ್ನು ಇನ್ನೊಂದು ಜಾಗದ್ದಕ್ಕೆ ಹೋಲಿಸಿದರೆ ಮೋಸ ಹೋಗುತ್ತೇವೆ. ಅದೇ ಜಾಗವನ್ನು ಅದರ ಹಿಂದಿನ ಕಾಲಕ್ಕೇ ಹೋಲಿಸಬೇಕು. ಅಮೆರಿಕ 1972ರಲ್ಲಿ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಹಾಕ್ ರಿಡ್ಜ್‌ನ ಕ್ರಮಬದ್ಧ ಎಣಿಕೆ ಶುರುವಾದದ್ದೂ ಅದೇ ವರ್ಷ. ಹೀಗಾಗಿ ಗರುಡ ಮರಳಿ ಬಂದ ಕತೆ ಸರೋವರದ ದಂಡೆಯ ಪುಸ್ತಕದಲ್ಲಿ ಮೊದಲ ಪುಟದಿಂದಲೇ ಇದೆ: ಆಗ ಅಪರೂಪಕ್ಕೆ ಬಂದುಹೋಗುತ್ತಿದ್ದ ಹಕ್ಕಿ ಈಚೆಗೆ ಒಂದೇ ಋತುವಿನಲ್ಲಿ ಸಾವಿರಗಟ್ಟಲೆ ಹಾದುಹೋಗುತ್ತದೆ. 2007ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಅದರ ಹೆಸರನ್ನು ತೆಗೆಯಲಾಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಕ್ಕಿ ಕಡಿಮೆಯಾಗಿಲ್ಲ, ವಲಸೆಯೇ ಮೊಟಕಾಗಿದೆ ಎಂದಾದರೆ? ಶಾರ್ಪ್‌ಶಿನ್ಡ್ ಹಾಕ್ ಎಂಬ ಚಿಕ್ಕ ಗಿಡುಗದ ಎಣಿಕೆ ನ್ಯೂಜೆರ್ಸಿಯ ಕೇಪ್ ಮೇ ಭೂಶಿರದಲ್ಲಿ ಎಂಬತ್ತು ತೊಂಬತ್ತರ ದಶಕಗಳಲ್ಲಿ ಇಳಿಯುತ್ತಾ ಬಂದಾಗ ಗಾಬರಿಯಾಯಿತು. ಆಮೇಲೆ ಉತ್ತರದ ಊರುಗಳ ಕ್ರಿಸ್‌ಮಸ್ ಹಕ್ಕಿ ಗಣತಿಯನ್ನು ತೆಗೆದು ನೋಡಿದರೆ, ಅಲ್ಲಿ ಚಳಿಗಾಲ ಕಳೆಯುವ ಅದೇ ಗಿಡುಗಗಳ ಸಂಖ್ಯೆ ಏರಿತ್ತು. ಹಿತ್ತಿಲಲ್ಲಿ ಕಾಳು ಹಾಕಿ ಚಿಕ್ಕ ಹಕ್ಕಿಗಳನ್ನು ಕರೆಯುವ ಮನೆಗಳು ಹೆಚ್ಚಾಗಿದ್ದವು, ಚಳಿಯೂ ಸ್ವಲ್ಪ ಸಡಿಲಿತ್ತು. ಊಟ ಅಲ್ಲೇ ಸಿಗುವಾಗ ಇಷ್ಟು ದೂರ ಬರುವ ದರ್ದು ಯಾರಿಗೆ? ಇದನ್ನು ಎಣಿಕೆಯ ಸೋಲು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದೇ ಪುಸ್ತಕವನ್ನು ನಂಬಿ ತೀರ್ಪು ಕೊಡಬೇಡಿ ಎಂದಷ್ಟೇ ಇದರರ್ಥ. ಉತ್ತರ ಅಮೆರಿಕದ ಎಣಿಕೆ ತಾಣಗಳು 1974ರಲ್ಲಿ ಒಂದು ಸಂಘದಡಿ ಬಂದು ಒಂದೇ ನಮೂನೆಯಲ್ಲಿ ಬರೆಯಲು ಶುರುಮಾಡಿದ್ದು ಈ ಕಾರಣಕ್ಕೇ. ಒಂದು ತಾಣದಲ್ಲಿ ಇಳಿದರೆ ಗಾಳಿಯನ್ನು ದೂರಬಹುದು. ಅಮೆರಿಕದ ಪುಟ್ಟ ಚಾಣ, ಅಂದರೆ ಕೆಸ್ಟ್ರೆಲ್, ಈಶಾನ್ಯದ ಹಲವು ತಾಣಗಳಲ್ಲಿ ದಶಕಗಳ ಕಾಲ ಇಳಿಯುತ್ತಾ ಹೋದಾಗ, ಗೂಡುಕಟ್ಟುವ ಕಡೆಯೂ ಅದು ಖಾಲಿಯಾಗುತ್ತಿದ್ದಾಗ, ದೂರಲು ಗಾಳಿ ಉಳಿಯಲಿಲ್ಲ.

ಉಪಗ್ರಹ ಟ್ಯಾಗು, ರೇಡಾರು, ಮೊಬೈಲ್ ಆ್ಯಪ್ ಇರುವ ಕಾಲದಲ್ಲಿ ಗುಡ್ಡದ ಮೇಲೆ ಮನುಷ್ಯನನ್ನು ಕೂರಿಸುವುದೇಕೆ ಎನ್ನುವುದು ಇನ್ನೊಂದು ಮಾತು. ಟ್ಯಾಗು ಒಂದು ಹಕ್ಕಿಯ ದಾರಿಯನ್ನು ಅದ್ಭುತವಾಗಿ ಹೇಳುತ್ತದೆ, ಆದರೆ ಜಾತಿಯ ಸ್ಥಿತಿಯನ್ನು ಹೇಳುವುದಿಲ್ಲ. ಗಂಡು ಶಾರ್ಪ್‌ಶಿನ್ಡ್ ಗಿಡುಗ ತೂಗುವುದೇ ನೂರು ಗ್ರಾಂ ಆಸುಪಾಸು. ದೇಹತೂಕದ ನೂರಕ್ಕೆ ಮೂರರಷ್ಟೇ ಹೊರೆ ಎಂಬ ಸಾಮಾನ್ಯ ನಿಯಮ ಹಿಡಿದರೆ ಅದರ ಬೆನ್ನಿಗೆ ಕಟ್ಟಬಹುದಾದದ್ದು ಮೂರು ಗ್ರಾಂ. ರೇಡಾರಿಗೆ ಆಕಾಶದಲ್ಲಿ ಏನೋ ಹಾರುತ್ತಿದೆ ಎಂದು ಗೊತ್ತಾಗುತ್ತದೆ, ಅದರ ಬಾಲದ ತುದಿ ಚಪ್ಪಟೆಯೋ ದುಂಡಗೋ ಎಂದು ಗೊತ್ತಾಗುವುದಿಲ್ಲ. ಶಾರ್ಪ್‌ಶಿನ್ಡ್‌ಗೂ ಅದರ ದಾಯಾದಿ ಕೂಪರ್ಸ್ ಗಿಡುಗಕ್ಕೂ ಇರುವ ವ್ಯತ್ಯಾಸ ಅಷ್ಟೇ: ಒಂದರ ಬಾಲ ಕತ್ತರಿಸಿದಂತೆ, ತಲೆ ರೆಕ್ಕೆಯ ಅಂಚಿನಿಂದ ಆಚೆ ಬಾರದಷ್ಟು ಚಿಕ್ಕದು, ಇನ್ನೊಂದರ ಬಾಲ ದುಂಡಗೆ, ತಲೆ ಮುಂದೆ ಚಾಚಿದ್ದು. ಆ್ಯಪ್‌ಗಳ ಮಾತು ಬೇರೆ. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 2023ರಲ್ಲಿ 942 ಜಾತಿಗಳನ್ನು ತೂಗಿ ನೋಡಿದ್ದು ಸುಮಾರು 30,000 ಹಕ್ಕಿಪ್ರಿಯರು ಇಬರ್ಡ್‌ಗೆ ಹಾಕಿದ ಪಟ್ಟಿಗಳಿಂದಲೇ. ಬೆನ್ನುಮೂಳೆಯ ಪ್ರಾಣಿಗಳನ್ನೂ ಸತ್ತ ಮಾಂಸವನ್ನೂ ತಿನ್ನುವ ಹಕ್ಕಿಗಳು ಹೆಚ್ಚು ಕುಸಿದ ಗುಂಪಿನಲ್ಲಿವೆ ಎಂದು ಅದು ಕಂಡುಕೊಂಡಿತು. ಅಂಥ ಕೆಲಸವನ್ನು ಹಳಿಯಲಾಗದು. ಆದರೆ ಹವ್ಯಾಸಿಗಳು ಹೊರಡುವುದು ಹಕ್ಕಿ ಸಿಗುವ ದಿನ, ಸಿಗುವ ಜಾಗಕ್ಕೆ. ನವೆಂಬರಿನ ಮಂಗಳವಾರ, ಜಡಿಮಳೆ, ಏನೂ ಬರುವುದಿಲ್ಲ ಎಂದು ಗೊತ್ತಿದ್ದೂ ಎಂಟು ಗಂಟೆ ಕೂತು ಸೊನ್ನೆ ಬರೆಯುವುದು ಹವ್ಯಾಸವಲ್ಲ, ಸಂಬಳದ ಕೆಲಸ.

ಮನುಷ್ಯ ತಪ್ಪು ಮಾಡುತ್ತಾನಲ್ಲ? ಮಾಡುತ್ತಾನೆ. ಐವತ್ತು ವರ್ಷಗಳಲ್ಲಿ ದೂರದರ್ಶಕ ಸುಧಾರಿಸಿದೆ, ಗುರುತಿಸುವ ವಿದ್ಯೆ ಬೆಳೆದಿದೆ. ಅಂದು ಕಾಣದ್ದು ಇಂದು ಕಾಣುತ್ತಿರಬಹುದು. ಆದರೆ ಈ ಸುಧಾರಣೆ ಸಂಖ್ಯೆಯನ್ನು ಮೇಲಕ್ಕೆ ತಳ್ಳುತ್ತದೆಯೇ ಹೊರತು ಕೆಳಕ್ಕಲ್ಲ. ಅದರ ನಡುವೆಯೂ ಒಂದು ಜಾತಿ ಇಳಿದರೆ ಅನುಮಾನ ಕಡಿಮೆಯಾಗಬೇಕು, ಹೆಚ್ಚಾಗಬಾರದು. ಎಣಿಕೆಯ ಹಾಳೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ‘ಗುರುತಾಗದವು’ ಎಂಬ ಅಂಕಣ. ಅದು ಪೂರ್ತಿ ಖಾಲಿಯಾಗಿದ್ದರೆ ಎಣಿಸಿದವನ ಮೇಲೆ ಸಂಶಯ ಪಡಬೇಕು.

ಇದೆಲ್ಲ ದೂರದ ಸರೋವರದ ಮಾತು, ನಮಗೇನು ಎನ್ನುವಂತಿಲ್ಲ. ನಮ್ಮ ರಣಹದ್ದುಗಳ ದುರಂತವನ್ನು ತೆಗೆದುಕೊಳ್ಳಿ. ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ 1992ರಿಂದ 2007ರೊಳಗೆ ನೂರಕ್ಕೆ 99.9ರಷ್ಟು ಅಳಿಯಿತು. ಈ ಅಂಕಿ ಬಂದದ್ದು ಎಲ್ಲಿಂದ? ತೊಂಬತ್ತರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಬೇಟೆಹಕ್ಕಿಗಳಿಗಾಗಿ ರಸ್ತೆ ಹಿಡಿದು ಎಣಿಸಿದ್ದರು. ಆಗ ರಣಹದ್ದು ಯಾರ ಚಿಂತೆಯೂ ಆಗಿರಲಿಲ್ಲ, ಊರಾಚೆ ಸತ್ತ ದನದ ಮೇಲೆ ಕೂತಿರುತ್ತಿದ್ದ ಅದನ್ನು ಎಣಿಸಿ ಏನು ಉಪಯೋಗ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು. ಭರತಪುರದ ಕೇವಲಾದೇವದಲ್ಲಿ ವಿಭು ಪ್ರಕಾಶ್ ಎಂಬತ್ತರ ದಶಕದಲ್ಲಿ ಬರೆದಿಟ್ಟ ಲೆಕ್ಕವೂ ಹಾಗೆಯೇ ಉಪಯೋಗಕ್ಕೆ ಬಂತು. 2000ದಿಂದ ಅದೇ ರಸ್ತೆಗಳಲ್ಲಿ ಮತ್ತೆ ಎಣಿಸಿದಾಗ ಕುಸಿತದ ಆಳ ಗೊತ್ತಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ನೋವುನಿವಾರಕವೇ ಕಾರಣವೆಂದು 2004ರಲ್ಲಿ ಸಾಬೀತಾಗಿ, 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಗೆ ನಿಷೇಧ ಬಂತು. ಹಳೆಯ ಪುಸ್ತಕ ಇಲ್ಲದಿದ್ದರೆ ರಣಹದ್ದು ಈಚೆಗೆ ಕಾಣುವುದಿಲ್ಲವಲ್ಲ ಎಂಬ ಕಟ್ಟೆಮಾತಿನಲ್ಲೇ ಎಲ್ಲ ಮುಗಿಯುತ್ತಿತ್ತು.

ನಮ್ಮಲ್ಲೂ ಒಂದು ಜಲಾಶಯವಿದೆ, ಅದರ ದಡದಲ್ಲೂ ಶರತ್ಕಾಲದಲ್ಲಿ ಬೇಟೆಹಕ್ಕಿಗಳ ನೆರೆ ಇಳಿಯುತ್ತದೆ. ನಾಗಾಲ್ಯಾಂಡಿನ ದೊಯಾಂಗ್. ಸೈಬೀರಿಯಾ, ಚೀನಾ ಕಡೆಯಿಂದ ಆಫ್ರಿಕಕ್ಕೆ ಹೋಗುವ ಆಮೂರ್ ಚಾಣಗಳು ಅಕ್ಟೋಬರ್ ಹೊತ್ತಿಗೆ ಅಲ್ಲಿ ತಂಗಿ, ನೆಲದಿಂದೇಳುವ ಗೆದ್ದಲುಹುಳ ತಿಂದು ಕೊಬ್ಬು ಕೂಡಿಸಿಕೊಂಡು, ಪರ್ಯಾಯದ್ವೀಪ ದಾಟಿ ಅರಬ್ಬಿ ಸಮುದ್ರದ ಮೇಲೆ ನಿಲ್ಲದೆ ಹಾರುತ್ತವೆ. 2012ರಲ್ಲಿ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್ ಮತ್ತು ಸಂಗಡಿಗರು ಅಲ್ಲಿ ನಡೆಯುತ್ತಿದ್ದ ಬೇಟೆಯನ್ನು ಚಿತ್ರೀಕರಿಸಿ ಲೋಕದ ಮುಂದಿಟ್ಟರು. ವರ್ಷಕ್ಕೆ 1,20,000ದಿಂದ 1,40,000 ಹಕ್ಕಿಗಳು ಬಲೆಗೆ ಬೀಳುತ್ತಿವೆ ಎಂಬುದು ಅವರ ಅಂದಾಜು. ಮರುವರ್ಷವೇ ಪಾಂಗ್ಟಿ ಮತ್ತಿತರ ಹಳ್ಳಿಗಳವರು ಬಲೆ ಮಡಿಚಿಟ್ಟರು, ಅಷ್ಟು ಬೇಗ ತಿರುಗಿದ ಊರುಗಳು ಲೋಕದಲ್ಲಿ ಕಡಿಮೆ. ಅದು ಮೆಚ್ಚಬೇಕಾದ ಮಾತು. ಆದರೆ ಆ ಅಂಕಿ ಹುಟ್ಟಿದ್ದು ಹೇಗೆಂದು ಗಮನಿಸಿ: ಇಷ್ಟು ಬೇಟೆ ಗುಂಪು, ಗುಂಪಿಗೆ ದಿನಕ್ಕೆ ಇಷ್ಟು ಹಕ್ಕಿ, ಇಷ್ಟು ದಿನ. ಪೆನ್ಸಿಲ್ವೇನಿಯಾದಲ್ಲಿ ಪೌ ಫೋಟೊ ತೆಗೆದದ್ದು ಕೂಡ ಸತ್ತವನ್ನೇ. ಎರಡೂ ಕಡೆ ಮೊದಲು ಲೆಕ್ಕಕ್ಕೆ ಬಂದದ್ದು ಹೆಣ. ಬದುಕಿ ಹಾರುವವನ್ನು ಎಣಿಸುವುದು ದೊಯಾಂಗ್‌ನಲ್ಲಿ ಡುಲೂತ್‌ಗಿಂತ ಕಷ್ಟ: ಸಾಲಾಗಿ ಜಾರಿ ಹೋಗುವ ಗಿಡುಗಗಳಲ್ಲ ಅವು, ಮುಸ್ಸಂಜೆಗೆ ಎಲ್ಲ ದಿಕ್ಕಿನಿಂದಲೂ ಒಟ್ಟಿಗೆ ಮರಕ್ಕೆ ಇಳಿಯುವ ಹಿಂಡು. ಹತ್ತು ಲಕ್ಷ ಎಂದು ಪತ್ರಿಕೆಗಳಲ್ಲಿ ಓದುವುದು ಕಣ್ಣಳತೆ.

ಮುಸ್ಸಂಜೆಯಲ್ಲೂ ಎಣಿಸಲು ಸಾಧ್ಯ ಎನ್ನುವುದಕ್ಕೆ ಕರ್ನಾಟಕದಲ್ಲೇ ಮಾದರಿಯಿದೆ. ಮಧ್ಯ ಏಷ್ಯಾದಿಂದ ಬರುವ ಸೆಳೆವಗಳು, ಅಂದರೆ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು, ರಾತ್ರಿ ಮರದಲ್ಲಿ ಮಲಗುವುದಿಲ್ಲ, ಬಯಲಿನ ಹುಲ್ಲಿನೊಳಗೆ ನೆಲದ ಮೇಲೆ ಗುಂಪಾಗಿ ಮಲಗುತ್ತವೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇಂಥ ತಂಗುದಾಣಗಳಲ್ಲಿ ವರ್ಷಗಟ್ಟಲೆ ಎಣಿಸಿ, ಸಂಖ್ಯೆ ಇಳಿಯುತ್ತಿರುವುದನ್ನು ತೋರಿಸಿದ್ದಾರೆ. ಹೆಸರಘಟ್ಟ ಕೆರೆಯ ಪಕ್ಕದ ಹುಲ್ಲುಗಾವಲಿನಂಥ ಕಡೆ ಕೂತವರಿಗೆ ಸಿಗುವ ಹೊತ್ತು ಒಂದೇ ಗಂಟೆ. ಸೂರ್ಯ ಮುಳುಗುವ ಮುನ್ನ ಮೊದಲ ಹಕ್ಕಿ ಹುಲ್ಲಿನ ಮೇಲೆ ಒಂದಾಳೆತ್ತರದಲ್ಲಿ ತೂಗುತ್ತಾ ಬರುತ್ತದೆ, ಇಳಿಯುತ್ತದೆ, ಏನೋ ಹೊಳೆದಂತೆ ಮತ್ತೆ ಎದ್ದು ಹತ್ತು ಮಾರು ಆಚೆ ಕೂರುತ್ತದೆ. ಆ ಎದ್ದು ಕೂತದ್ದನ್ನು ಎರಡು ಎಂದು ಬರೆಯಬಾರದು. ಕತ್ತಲಾದ ಮೇಲೂ ಕೆಲವು ಬರುತ್ತವೆ, ಅವು ಪುಸ್ತಕಕ್ಕೆ ಸೇರುವುದಿಲ್ಲ.